ಬಳುವಳಿಯ ಹಸು

ಪುಟ್ಟತಾಯಮ್ಮ ಯಾರನ್ನೂ ಮೊದಲಿಗೆ ಚೆನ್ನಾಗಿದ್ದೀರಾ ಎಂದು ಕೇಳಿದವರಲ್ಲ. ‘ನಿಮ್ಮವ್ವನ ತವರು ಯಾವ್ದು? ಅವ್ರವ್ವಂದು?’ ಎಂದು ಶುರುಮಾಡಿ, ನಮ್ಮ ನೆನಪು ಕೈಕೊಡುವವರೆಗೂ ಬಿಡುತ್ತಿರಲಿಲ್ಲ. ನಾಟಿ ದನಗಳ ರಕ್ತದ ಮಾದರಿ ತೆಗೆಯಲು ಕವಲಂದೆ ಪಕ್ಕದ ಅವರ ಊರಿಗೆ ಹೋದ ಮೊದಲ ದಿನವೇ ನಾನು ಅಜ್ಜಿಯ ತಾಯಿಯ ಹತ್ತಿರ ಬಂದು ಸೋತೆ. ‘ಓಗ್ಲಿ, ಊರ್ಗೋದಾಗ ಕೇಳ್ಕಬನ್ನಿ ಡಾಕ್ಟ್ರಮ್ಮ’ ಎಂದರು. ನಾನು ಡಾಕ್ಟರಲ್ಲ, ಪ್ರಯೋಗಾಲಯದ ಸಹಾಯಕಿ ಎಂದು ಎಷ್ಟು ಹೇಳಿದರೂ ಆ ಬಡ್ತಿಯನ್ನು ಅವರು ವಾಪಸ್ ಪಡೆಯಲಿಲ್ಲ.

ದನಗಳ ವಿಷಯದಲ್ಲೂ ಅದೇ ಲೆಕ್ಕ. ಊರವರೆಲ್ಲ ಹೋರಿಯ ಹೆಸರು ಹೇಳಿ ಜಂಬ ಕೊಚ್ಚಿಕೊಂಡರೆ, ಇವರು ತಾಯಿಯ ಹೆಸರು ಹೇಳುತ್ತಿದ್ದರು. ಅದಕ್ಕೆ ಕಾರಣವಿತ್ತು. ಅವರ ಕೊಟ್ಟಿಗೆಯ ಹಳ್ಳಿಕಾರ್ ಹಸು ಗೌರಿ, ಮದುವೆಯಲ್ಲಿ ಅವರವ್ವ ಬಳುವಳಿಯಾಗಿ ಕೊಟ್ಟ, ಇನ್ನೂ ಕರು ಹಾಕದ ಕಡಸಿನ ಸಂತತಿ. ತಿ. ನರಸೀಪುರದ ಕಡೆಗೆ ಮದುವೆಯಾಗಿ ಹೋದ ತಂಗಿ ಚಿಕ್ಕತಾಯಮ್ಮನಿಗೂ ಅದೇ ತಾಯಿಹಸುವಿನ ಇನ್ನೊಂದು ಕಡಸು ಹೋಗಿತ್ತಂತೆ. ‘ಅವ್ವನ ಒಡ್ವೆ ಮುರುಸ್ಬುಟ್ಟೆ, ಸೀರೆ ಅರ್ದೋಯ್ತು. ಇವ್ಳೊಬ್ಳೇ ಉಳ್ದಿರದು’ ಎನ್ನುತ್ತಾ ಗೌರಿಯ ಕತ್ತಿನಡಿಯ ಗಂಗೆದೊಗಲು ಸವರುತ್ತಿದ್ದರು.

ಆದರೆ ಗೌರಿ ಹಾಕಿದ್ದೆಲ್ಲ ಗಂಡುಗರು. ಈಗ ಗಬ್ಬ ನಿಲ್ಲುವ ವಯಸ್ಸೂ ದಾಟಿತ್ತು. ಅವ್ವನ ಹಸು ತನ್ನ ಕಾಲಕ್ಕೇ ಮುಗಿದುಹೋಗುತ್ತದಲ್ಲ ಎಂಬ ಸಂಕಟ ಪುಟ್ಟತಾಯಮ್ಮನಿಗೆ. ತಂಗಿಯ ಮನೆಯಲ್ಲಿ ಆ ಸಾಲಿನದೊಂದು ಕಡಸಿತ್ತು, ಕೊಡುತ್ತೇನೆ ಎಂದೂ ಆಕೆ ಹೇಳಿದ್ದರು. ತಂದರಾಯಿತಲ್ಲ ಎಂದರೆ ಇವರ ಕುತೂಹಲ ಸುಮ್ಮನಿರಬೇಕಲ್ಲ. ‘ಅದು ನಮ್ಮವ್ವನ ಅಸು ಕಡೇದೇ ಅಂತ ನಿಮ್ಮ ಮಿಷನ್ನಲ್ಲಿ ನೋಡ್ಬೋದಾ?’ ಎಂದು ಕೇಳಿದರು.

ನೋಡಬಹುದಿತ್ತು. ತಾಯಿಯಿಂದ ಮಾತ್ರ ಕರುವಿಗೆ ದಾಟುವ ಒಂದು ಗುರುತು ಮೈಯೊಳಗಿರುತ್ತದೆ, ಹೋರಿ ಯಾವುದಾದರೂ ಅದು ಬದಲಾಗುವುದಿಲ್ಲ ಎಂದೆ. ಅವರು ಜಗಲಿಯ ಮೇಲಿದ್ದ ಗಂಡನ ಕಡೆ ತಿರುಗಿ, ‘ಕೇಳ್ಕಂಡ್ರಾ? ಗಂಡಸ್ರ ಎಸ್ರೇ ಇಲ್ವಂತೆ’ ಎಂದರು.

‘ನಮ್ಮನೇಲಿ ಯಾವತ್ತಿತ್ತು?’ ಎಂದು ಆತ ಎಲೆಗೆ ಸುಣ್ಣ ಸವರಿದರು.

ರಕ್ತ ತೆಗೆಯಲು ಹೋಗಿ ತಂಗಿಯ ಮನೆಯ ಕಡಸನ್ನು ನೋಡಿದರೆ ಗೌರಿಯದೇ ಪಡಿಯಚ್ಚು. ಅದೇ ಬೂದು ಮೈ, ಹಿಂದಕ್ಕೆ ಬಾಗಿದ ಅದೇ ಕೊಂಬು. ಪರೀಕ್ಷೆಯೇ ದಂಡ ಅಂದುಕೊಂಡೆ. ಫಲಿತಾಂಶ ಬಂದಾಗ ನಂಬಿಕೆಯಾಗದೆ ಇನ್ನೊಮ್ಮೆ ಮಾಡಿಸಿದೆ. ಎರಡೂ ಸಲ ಅದೇ ಉತ್ತರ: ಎರಡರ ಮೂಲತಾಯಿ ಬೇರೆ ಬೇರೆ. ತಳಿ ಒಂದೇ ಆದ್ದರಿಂದ ರೂಪ ಹೊಂದಿತ್ತು, ಅಷ್ಟೆ.

ಪುಟ್ಟತಾಯಮ್ಮ ಕೇಳಿ ಗೌರಿಯ ಕಡೆ ತಿರುಗಿದರು. ‘ಅಂಗಾರೆ ಅವ್ವಂದು ಯಾವ್ದು?’

‘ಅದು ಗೊತ್ತಾಗಲ್ಲಮ್ಮ. ಗೊತ್ತಾಗಬೇಕಾದರೆ ನಿಮ್ಮವ್ವನ ಆ ಹಸುವೇ ಈಗ ಬದುಕಿರಬೇಕಿತ್ತು.’

ಸ್ವಲ್ಪ ಹೊತ್ತಿಗೆ ಅವರ ಮುಖದಲ್ಲಿ ನಗು ಮೂಡಿತು. ‘ಎಣ್ಮಕ್ಳು ಇಬ್ರು. ಅಸು ಒಂದೇ ಎಣ್ಗರ ಆಕಿರ್ಬೇಕು. ಸಂತೇಲಿ ಅಂತದ್ದೇ ಇನ್ನೊಂದ ಉಡ್ಕಿ ತಂದು, ಇಬ್ರಿಗೂ ಒಂದೇ ಕತೆ ಯೋಳವ್ಳೆ. ಕಳ್ಳಿ ಕಣವ್ವ ನಮ್ಮವ್ವ’ ಎಂದು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ ನನ್ನನ್ನೇ ಕೇಳಿದರು: ‘ಕೈಯಾರ ಕೊಟ್ಟದ್ದು ಅಂದ್ಮೇಕೆ ಎರಡೂ ಅವ್ವಂದೇ ಅಲ್ವಾ?’ ಆ ತಾಯಿಯನ್ನು ಒಮ್ಮೆ ನೋಡಬೇಕಿತ್ತು ಅನ್ನಿಸಿತು.

ಹೋದ ವರ್ಷ ಪುಟ್ಟತಾಯಮ್ಮ ತೀರಿಕೊಂಡರು. ನಾನು ಅವರನ್ನು ಕೊನೆಯದಾಗಿ ಕಂಡಿದ್ದು ತಂಗಿಯ ಮನೆಯ ಮುಂದೆ, ಕಡಸನ್ನು ಊರಿಗೆ ಕರೆದೊಯ್ಯಲು ಬಂದಿದ್ದಾಗ. ಚಿಕ್ಕತಾಯಮ್ಮ ಕಡಸಿನ ಹಣೆಗೆ ಅರಿಸಿನ ಕುಂಕುಮ ಇಟ್ಟು, ಮಡಿಲಕ್ಕಿ ಕಟ್ಟಿ ಕೊಡುತ್ತಾ ನನ್ನ ಕಡೆ ತಿರುಗಿದರು. ‘ಡಾಕ್ಟ್ರಮ್ಮ, ಎರಡೂ ಅವ್ವನ ಅಸು ಕಡೇವೇ ತಾನೆ?’

ನಾನು ಬಾಯಿ ತೆರೆಯುವ ಮೊದಲೇ ಪುಟ್ಟತಾಯಮ್ಮ ಹಗ್ಗ ಕೈಗೆ ತೆಗೆದುಕೊಂಡಿದ್ದರು.

‘ಇನ್ನೇನವ್ವ ಮತ್ತೆ? ಎರಡೆರಡು ಸಲ ನೋಡವ್ರೆ.’