ಬ್ರೇಕರಿಗೆ ಕೈಯಿಂದ ಕೀಲಿ ಕೊಟ್ಟ ಮಧ್ಯಾಹ್ನ

ತೊಂಬತ್ತರ ದಶಕದ ಆರಂಭದಲ್ಲಿ ನಾನು ಗೋವಾದ ಫೋಂಡಾ ತಾಲ್ಲೂಕಿನ ಒಂದು ಸಬ್‌ಸ್ಟೇಷನ್ನಿನಲ್ಲಿ ಸಹಾಯಕ ಎಂಜಿನಿಯರ್ ಆಗಿದ್ದೆ. ಧಾರವಾಡದಲ್ಲಿ ಓದುವಾಗಿನಿಂದಲೂ ನನಗೆ ಅಣುಶಕ್ತಿಯ ಹುಚ್ಚು. ಯಾರಾದರೂ ಗಾಳಿ, ಬಿಸಿಲಿನ ವಿದ್ಯುತ್ತಿನ ಮಾತೆತ್ತಿದರೆ, "ಗಾಳಿ ನಿಂತ ದಿನ ಬೀಸಣಿಗಿ ಹಿಡಕೊಂಡು ನಿಂದರತೀರೇನ್ರಿ?" ಎಂದು ಕಾಲೆಳೆಯುತ್ತಿದ್ದೆ.

ಒಂದು ಮೇ ತಿಂಗಳ ಮಧ್ಯಾಹ್ನ ಟ್ರಾನ್ಸ್‌ಫಾರ್ಮರುಗಳ ಗುಂಯ್ ಸದ್ದು ಥಟ್ಟನೆ ನಿಂತಿತು. ಹಲವು ರಾಜ್ಯಗಳ ವಿದ್ಯುತ್ ಕೇಂದ್ರಗಳನ್ನು ಹೆಣೆದಿದ್ದ ಗ್ರಿಡ್ಡೇ ಕುಸಿದಿತ್ತು. ಫೋನಿನಲ್ಲಿ ಮೇಲಿನವರು ಹೇಳಿದ್ದು ಕೇಳಿ ದಂಗಾದೆ. ಆ ಗ್ರಿಡ್ಡಿನ ಅಣುಸ್ಥಾವರವೂ ನಿಂತಿದೆ, ಅದನ್ನು ಮತ್ತೆ ಎಬ್ಬಿಸಲು ಹೊರಗಿನಿಂದ ಕರೆಂಟ್ ಕೊಡಬೇಕು, ಗೋವಾದ ಸರದಿ ಆಮೇಲೆ ಎಂದರು. ನಾನು ಹಾಡಿ ಹೊಗಳುತ್ತಿದ್ದ ದೈತ್ಯನೇ ಅಂದು ಕೈಚಾಚಿ ನಿಂತಿದ್ದ!

ಆ ಪಾಳಿಯ ಆಪರೇಟರ್ ವಿಜಾಪುರ ಕಡೆಯ ಮೆಹಬೂಬಸಾಬ್. ಬೆಳಗ್ಗೆಯಷ್ಟೇ ಹೆಂಡತಿಯನ್ನು ಹೆರಿಗೆಗೆಂದು ಫೋಂಡಾದ ಆಸ್ಪತ್ರೆಗೆ ಸೇರಿಸಿ ಬಂದಿದ್ದರು. ಅವರ ಮುಖ ಬಿಳಿಚಿಕೊಂಡಿತ್ತು.

"ದವಾಖಾನಿಯಿಂದ ಫೋನ್ ಬಂದಿತ್ರಿ ಸಾಹೇಬ್ರ. ಆಪರೇಷನ್ ಮಾಡಬೇಕಂತ. ಅಲ್ಲಿ ಜನರೇಟರ್ ಚಾಲೂ ಆಗವಲ್ದಂತ್ರಿ."

ಉಳಿದದ್ದು ಒಂದೇ ದಾರಿ. ಗಡಿಯ ಮೊಲೆಂ ಕಾಡು ದಾಟಿ ಬರುವ ಕರ್ನಾಟಕದ ಲೈನು ಬೇರೆ ಗ್ರಿಡ್ಡಿನದು. ಮೇಲಿನವರ ಒಪ್ಪಿಗೆ ಪಡೆದು, ಸತ್ತ ಜಾಲದಿಂದ ನಮ್ಮನ್ನು ಬಿಡಿಸಿಕೊಂಡು, ಘಟ್ಟದ ಮೇಲಿನ ಜಲವಿದ್ಯುತ್ ಕೇಂದ್ರಕ್ಕೆ ಫೋನು ಮಾಡಿದೆ.

"ಡ್ಯಾಮಿನಾಗ ನೀರು ಐತ್ರಿ, ಕೊಡತೀವಿ. ಆದ್ರ ಸಾವಕಾಶ ತಗೋರಿ, ಒಮ್ಮಿಗೇ ಜಗ್ಗಬ್ಯಾಡ್ರಿ," ಎಂದಿತು ಆ ಕಡೆಯ ದನಿ.

ತೊಡಕಿದ್ದದ್ದು ನಮ್ಮಲ್ಲೇ. ಬ್ರೇಕರ್ ಎಂಬ ದೊಡ್ಡ ಸ್ವಿಚ್ಚನ್ನು ಹಾಕಲು ಅದರೊಳಗಿನ ಸ್ಪ್ರಿಂಗನ್ನು ಮೊದಲು ಮೋಟರು ಬಿಗಿಯಬೇಕು. ಕರೆಂಟಿಲ್ಲದಾಗ ಆ ಮೋಟರಿಗೆ ಬ್ಯಾಟರಿಯೇ ಗತಿ. ನಮ್ಮ 110 ವೋಲ್ಟ್ ಬ್ಯಾಟರಿಯ ಚಾರ್ಜರ್ ಅಂದು ರಿಪೇರಿಗೆ ಬಿಚ್ಚಿಕೊಂಡು ಕೂತಿತ್ತು. ವೋಲ್ಟೇಜ್ ಇಳಿಯುತ್ತಲೇ ಇತ್ತು. ಬಿಗಿದ ಸ್ಪ್ರಿಂಗನ್ನು ಬಿಡಿಸಿ ಬ್ರೇಕರ್ ಕೂರಿಸಲೂ ಬ್ಯಾಟರಿಯ ಒಂದಿಷ್ಟು ಕರೆಂಟ್ ಬೇಕು. ಮೋಟರು ತಿರುಗಿಸಿದರೆ ಅದೂ ಪೂರ್ತಿ ಬಸಿದುಹೋಗಿ, ಬಾಗಿಲಿಗೆ ಬಂದ ವಿದ್ಯುತ್ತನ್ನು ಒಳಗೆ ಕರೆಯಲೂ ಆಗದು.

"ಕೈಲೇ ಕೀಲಿ ಕೊಡೂಣು," ಎಂದೆ.

ಒಳಗಿನ ತುರ್ತುದೀಪಗಳನ್ನೆಲ್ಲ ಆರಿಸಿ ಬ್ಯಾಟರಿ ಉಳಿಸಿ, ಬ್ರೇಕರುಗಳಿದ್ದ ಹೊರಗಿನ ಯಾರ್ಡಿಗೆ ಓಡಿದೆವು. ಒಂದೊಂದೇ ಬ್ರೇಕರಿಗೆ ಹ್ಯಾಂಡಲ್ ಸಿಕ್ಕಿಸಿ, ಗಡಿಯಾರಕ್ಕೆ ಕೀಲಿ ಕೊಟ್ಟಂತೆ ಒಬ್ಬರಾದ ಮೇಲೊಬ್ಬರು ತಿರುಗಿಸಿದೆವು. ಅಂಗೈಯಲ್ಲಿ ಬೊಬ್ಬೆ ಬಂತು. ನನ್ನ ಸರದಿಯಲ್ಲೂ ಮೆಹಬೂಬಸಾಬರು ಹ್ಯಾಂಡಲ್ ಬಿಡಲೊಲ್ಲರು.

ಲೈನಿಗೆ ಜೀವ ಬಂತು. ಮೊದಲ ಬ್ರೇಕರ್ ಧಡ್ ಎಂದು ಕೂತಿತು. ಎರಡನೆಯದೂ ಕೂತಿತು. ಟ್ರಾನ್ಸ್‌ಫಾರ್ಮರ್ ಮತ್ತೆ ಗುಂಯ್ ಎಂದಿತು. ಘಟ್ಟದ ಮೇಲೆ ಕಳೆದ ಮಳೆಗಾಲದಿಂದ ಸುಮ್ಮನೆ ನಿಂತಿದ್ದ ನೀರು, ಬ್ಯಾಟರಿಯ ಗಾಜಿನ ಡಬ್ಬಿಗಳಲ್ಲಿ ಅಳಿದುಳಿದ ಚಾರ್ಜು, ನಮ್ಮ ರಟ್ಟೆಯಿಂದ ಸ್ಪ್ರಿಂಗಿಗಿಳಿದ ಕಸುವು, ಈ ಮೂರೂ ಆ ಗಳಿಗೆಗಾಗಿ ಕಾದಿದ್ದವು. ಇಂಥ ವಿಸ್ಮಯವನ್ನು ನಾನು ಯಾವ ಪಾಠದಲ್ಲೂ ಓದಿರಲಿಲ್ಲ.

ಆಸ್ಪತ್ರೆಯ ಕಡೆ ಕರೆಂಟ್ ಒಯ್ಯುವ ಫೀಡರ್ ಲೈನನ್ನು ಮೆಹಬೂಬಸಾಬರೇ ಚಾಲೂ ಮಾಡಿದರು. ಆ ಲೈನಿನ ಕರೆಂಟ್ ಅಳೆಯುವ ಆಮ್ಮೀಟರಿನ ಮುಳ್ಳು ಸೊನ್ನೆ ಬಿಟ್ಟು ಕೂದಲೆಳೆಯಷ್ಟು ಸರಿಯಿತು. ಅವರು ಗಾಜಿನ ಮೇಲೆ ಬೆರಳಿಟ್ಟು, "ಇದರಾಗ ನಮ್ಮ ಮಂದಿನೂ ಅದಾರ್ರಿ," ಎಂದು ಅತ್ತುಬಿಟ್ಟರು.

ಸಂಜೆಗೆ ಮಗಳು ಹುಟ್ಟಿದ ಸುದ್ದಿ ಬಂತು, ತಾಯಿಯೂ ಕ್ಷೇಮ.

ಅಣುವಿನ ಮೇಲಿನ ನನ್ನ ಪ್ರೀತಿ ಕಡಿಮೆಯಾಗಲಿಲ್ಲ. ಆದರೆ ಅಣುವೋ, ಗಾಳಿಯೋ, ಬಿಸಿಲೋ ಎಂದು ಜನ ಜಗಳಕ್ಕೆ ನಿಂತರೆ, ಎಲ್ಲವೂ ಒಟ್ಟಿಗೆ ನಿಂತ ಹೊತ್ತಿಗೆ ಏನು ಕೂಡಿಟ್ಟಿದ್ದೀರಿ ಎಂದು ನಾನು ಮೊದಲು ಕೇಳುತ್ತೇನೆ. ನಿವೃತ್ತಿಯಾಗುವವರೆಗೂ, ಯಾವ ಫೀಡರನ್ನೇ ಆಫ್ ಮಾಡುವಾಗಲೂ, ಇದರಲ್ಲಿ ಯಾರ ಮಂದಿ ಇದ್ದಾರೋ ಎಂದು ನನ್ನ ಕೈ ಒಂದು ಗಳಿಗೆ ತಡೆಯುತ್ತಿತ್ತು.