ಹೊಟ್ಟೆಯ ಮೇಲೆ ರೇಡಿಯೋ ಇಟ್ಟ ಶಿವಯೋಗೆಪ್ಪ

ತಿಕೋಟಾದ ಕುಸುಬಿ ವ್ಯಾಪಾರಿ ಶಿವಯೋಗೆಪ್ಪ ಸುಳ್ಳು ಬಿಡತೊಡಗಿದರೆ ಬಬಲೇಶ್ವರದ ಎತ್ತುಗಳು ಮೇವು ಬಿಟ್ಟು ಕಿವಿ ನಿಮಿರಿಸುತ್ತಿದ್ದವಂತೆ. ಪಾಪ, ಎತ್ತುಗಳಿಗೆ ಬೇರೆ ಮನರಂಜನೆಯಾದರೂ ಎಲ್ಲಿತ್ತು? ಎಪ್ಪತ್ತೊಂಬತ್ತನೇ ಇಸವಿಯಲ್ಲಿ ಇವನು ಮುಂಬೈಯ ಆಸ್ಪತ್ರೆಯೊಂದಕ್ಕೆ ಹೋಗಿ, ಬಸುರಿ ಸೊಸೆಯನ್ನು ತಪಾಸಣೆಗೆ ಒಳಗೆ ಕಳಿಸಿ, ತಾನು ಹೊರಗಿನ ಬೆಂಚಿನ ಮೇಲೆ ಗೊರಕೆ ಹೊಡೆದ. ಆ ಗೊರಕೆಯಲ್ಲೇ ಡಾಕ್ಟರಿಕೆ ಕಲಿತು ಬಂದ.

"ಅಲ್ಲೊಂದು ಮಷೀನ್ ಐತ್ರಿ. ಸಪ್ಪಳದಿಂದ ಹೊಟ್ಟ್ಯಾಗಿನ ಕೂಸಿನ ಐಬು ತೋರಸತೈತಿ!"

ಅಷ್ಟು ಮಾತ್ರ ನಿಜ. ಮುಂದಿನದು ಅವನ ಬುರುಡೆಯದು. ಸಪ್ಪಳ ಮಾಡುವ ಯಂತ್ರ ತನ್ನಲ್ಲೂ ಇದೆಯಲ್ಲ, ರೇಡಿಯೋ! ಅದನ್ನು ಬಸುರಿಯರ ಹೊಟ್ಟೆಯ ಮೇಲಿಟ್ಟು ಗುಂಡಿ ತಿರುವತೊಡಗಿದ. ಹಾಡು ಬಂದರೆ ಕೂಸು ಚೆಂದ, ಗರಗರ ಅಂದರೆ ಐಬು. ಧಾರವಾಡ ಕೇಂದ್ರ ಚೆನ್ನಾಗಿ ಹಿಡಿಯುವ ಹೊತ್ತಿಗೆ ಬಂದವರೇ ಪುಣ್ಯವಂತರು.

ಕುರಿಗಾರ ಬೀರಣ್ಣನ ಹೆಂಡತಿ ಮಲಕವ್ವನ ಚೊಚ್ಚಲ ಕೂಸು ಬೆನ್ನಮೇಲೆ ಲಿಂಬೆಹಣ್ಣಿನಷ್ಟು ನೀರಗುಳ್ಳೆ ಹೊತ್ತು ಹುಟ್ಟಿ, ಉಳಿದಿರಲಿಲ್ಲ. ಈಗ ಮತ್ತೆ ಬಸುರಿ. ಇದರ ಬೆನ್ನು ಹೇಗಿದೆಯೋ ಎಂಬ ಚಿಂತೆಯಲ್ಲೇ ಅವಳು ಸವೆದಿದ್ದಳು. ಅತ್ತೆ ಹೊಳೆವ್ವ ಅವಳನ್ನು ಶಿವಯೋಗೆಪ್ಪನ ಅಂಗಡಿಯ ಕಟ್ಟೆಗೆ ಎಳೆದು ತಂದಳು. ರೇಡಿಯೋ ಗರಗರ ಅಂದಿತು.

"ಇದಕ್ಕೂ ಬೆನ್ನಿಲ್ಲ ಹೊಳೆವ್ವಾ, ತೆಗಿಸಿಬಿಡ್ರಿ," ಎಂದ ಶಿವಯೋಗೆಪ್ಪ, ಕೊಳೆತ ಬದನೆಕಾಯಿ ಎಸೆಯಲು ಹೇಳಿದಂತೆ.

"ಇವತ್ತ ಸೂಲಗಿತ್ತಿ ಕಡೆ ಕಷಾಯ ಕುಡಸ್ತೇನಿ," ಎಂದಳು ಅತ್ತೆ.

ಒಳಗೆ ಕೂಸು ಮಿಸುಕಿತು. ಮಲಕವ್ವ ಎದ್ದು ರೇಡಿಯೋವನ್ನು ಶಿವಯೋಗೆಪ್ಪನ ಬೊಜ್ಜಿನ ಮೇಲೆ ಒತ್ತಿದಳು. ಗರಗರ ಇನ್ನೂ ಜೋರಾಯಿತು.

"ಯಪ್ಪಾ, ನಿಮ್ಮ ಕೂಸೂ ಚೊಲೊ ಇಲ್ಲ ನೋಡ್ರಿ. ಮೊದಲ ನೀವ ಕುಡೀರಿ ಕಷಾಯ!"

ಕಟ್ಟೆಯ ಮೇಲಿದ್ದವರು ಹೊಟ್ಟೆ ಹಿಡಿದು ನಕ್ಕರು. ಅವಳು ನಗಲಿಲ್ಲ. ಗಂಡನನ್ನು ಕರೆದುಕೊಂಡು ವಿಜಾಪುರದ ಲೇಡಿ ಡಾಕ್ಟರ ಬಳಿಗೆ ಹೋದಳು.

"ಕೂಸಿನ ಎದಿ ಚೆಂದ ಬಡಿಯಾಕತ್ತೈತಿ ತಂಗಿ," ಎಂದರು ಡಾಕ್ಟರು, ಹೊಟ್ಟೆಯ ಮೇಲೆ ಊರಿದ ಕೊಳವೆಗೆ ಕಿವಿಯಿಟ್ಟು. "ಬೆನ್ನ ನೋಡೋ ಮಷೀನ್ ನಮ್ಮಲ್ಲಿಲ್ಲ. ಕಾಣದ್ದನ್ನ ಕಂಡೇನಿ ಅನ್ನಾಕ ಬರೂದಿಲ್ಲ ನನಗ."

"ಹಂಗಾರ ಹಡೀತೇನ್ರಿ. ಹೆಂಗರ ಇರ್ಲಿ."

ಹೆರಿಗೆಯಾದಾಗ ಸೂಲಗಿತ್ತಿ "ಹೆಣ್ಣs" ಎಂದಳು.

"ಅದಿರ್ಲಿ ಬೇ, ಬೋರಲ ಹಾಕು!"

ಮಲಕವ್ವ ಕೂಸಿನ ಕುತ್ತಿಗೆಯಿಂದ ಸೊಂಟದವರೆಗೆ ಬೆರಳಾಡಿಸಿದಳು. ಎಲ್ಲೂ ತಡೆಯಲಿಲ್ಲ. ಆಗ ಅತ್ತಳು.

ತೊಟ್ಟಿಲ ಕಾರ್ಯಕ್ಕೆ ಕರೆಯದೆಯೂ ಬಂದ ಶಿವಯೋಗೆಪ್ಪ, ಹೋಳಿಗೆಗೆ ತುಪ್ಪ ಸುರಿಸಿಕೊಳ್ಳುತ್ತ, "ನಾ ಅಂಜಿಸಿದ್ದಕ್ಕs ಕೂಸು ನೆಟ್ಟಗಾತು," ಎಂದು ಪಂಕ್ತಿಗೆಲ್ಲ ಕೇಳುವಂತೆ ಹೇಳಿದ. ಮಲಕವ್ವ ಕೂಸಿನ ಬೆನ್ನಿಗೆ ಸೆರಗು ಹೊದಿಸಿ, ಅವನಿಗೆ ಬೆನ್ನು ತಿರುಗಿಸಿ ಕುಳಿತಳು.