ಮಾವ ಕಟ್ಟಿದ ಕರೆಂಟು ಸೈಕಲ್ಲು

ನಮ್ಮ ಮಾವನವರ ಎರಡು ಹುಬ್ಬುಗಳು ಒಂದೇ ಬಣ್ಣದವಾಗಿರಲಿಲ್ಲ. ಹೌರಾದ ರೈಲ್ವೆ ಶೆಡ್ಡಿನಲ್ಲಿ ಎಂಜಿನ್ನಿನ ವೈರಿಂಗ್ ನೋಡುವಾಗ ಒಮ್ಮೆ ಬೆಂಕಿ ಚಿಮ್ಮಿ ಬಲಹುಬ್ಬು ಸುಟ್ಟುಹೋಗಿತ್ತಂತೆ. ಮತ್ತೆ ಬೆಳೆದಾಗ ಅದು ಬಿಳಿಯಾಗಿ, ಬ್ರಷ್ಷಿನ ಹಾಗೆ ದಪ್ಪವಾಗಿ ಬೆಳೆಯಿತು. ಸಿಟ್ಟು ಬಂದಾಗ ಆ ಬಿಳಿ ಹುಬ್ಬು ಮಾತ್ರ ಮೇಲೇರುತ್ತಿತ್ತು. ಹಾಲು ನೀರಾದರೆ ಸಿಟ್ಟು, ಪೇಪರು ತಡವಾದರೆ ಸಿಟ್ಟು, ಟೀವಿಯಲ್ಲಿ ವಾರ್ತೆ ಓದುವ ಹುಡುಗಿ ನಗುತ್ತ ಓದಿದರೆ ಅದಕ್ಕೂ ಸಿಟ್ಟು. ಹುಬ್ಬಳ್ಳಿಯಿಂದ ಕೆಲಸದ ಮೇಲೆ ಬಂದು ಅರ್ಧ ಆಯುಸ್ಸು ಕೋಲ್ಕತ್ತದಲ್ಲೇ ಕಳೆದಿದ್ದರೂ ಬೈಯುವುದು ಮಾತ್ರ ಅಚ್ಚ ಹುಬ್ಬಳ್ಳಿ ಕನ್ನಡದಲ್ಲಿ. ಟಾಲಿಗಂಜಿನ ನಮ್ಮ ಗಲ್ಲಿಯ ಮೀನಿನವನೂ ಆಟೋದವನೂ "ಲೇ ಹುಚ್ಚಪ್ಯಾಲಿ" ಎನ್ನಿಸಿಕೊಳ್ಳದೆ ಉಳಿದಿರಲಿಲ್ಲ.

ನಾನು ಮೈಸೂರಿನಿಂದ ಮದುವೆಯಾಗಿ ಬಂದವಳು. ದನಿ ಏರಿಸಿದರೆ ಮರ್ಯಾದೆ ಹೋಯಿತೆಂದು ತಿಳಿದಿದ್ದ ಮನೆಯವಳು. ಮೊದಲ ವರ್ಷವಿಡೀ ಮಾವನಿಗೆ ಹೆದರಿ ಅತ್ತೆಯ ಜೊತೆ ಅಡುಗೆಮನೆಯಲ್ಲೇ ಉಳಿದೆ. ಇನ್ನು ನಮ್ಮವರು, ಅಂದರೆ ನನ್ನ ಗಂಡ, ಅಪ್ಪನಿಗೆ ತದ್ವಿರುದ್ಧ. ಅವರು ಜೋರಾಗಿ ಸೀನಿದ್ದನ್ನೂ ನಾನು ಕೇಳಿಲ್ಲ. ಬಂದವರೆಲ್ಲ "ನೀನು ಪುಣ್ಯ ಮಾಡಿದ್ದೆ, ದೇವರಂಥ ಗಂಡ" ಎನ್ನುತ್ತಿದ್ದರು. ಮಾವನ ಬಗ್ಗೆ "ಬೊಗಳುವ ನಾಯಿ ಕಚ್ಚುವುದಿಲ್ಲ, ಬಿಡು" ಎಂದು ಸಮಾಧಾನ ಹೇಳುತ್ತಿದ್ದರು. ಬೊಗಳದೆ ಕಚ್ಚುವುದರ ಬಗ್ಗೆ ನಮ್ಮ ಹಿರಿಯರು ಯಾಕೆ ಒಂದು ಗಾದೆ ಮಾಡಲಿಲ್ಲವೋ ನಾನರಿಯೆ.

ಆಗ ಎಲ್ಲೆಲ್ಲೂ ಕಂಪ್ಯೂಟರಿನದೇ ಮಾತು. ಸಾಲ್ಟ್ ಲೇಕಿನ ಕಡೆ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥ ಗಾಜು ಗೀಜು ಇಲ್ಲದಿದ್ದರೂ ಜಾದವ್‌ಪುರದಲ್ಲಿ ಸೀರೆಯಂಗಡಿಯ ಮೇಲಿದ್ದ ಒಂದು ಸಣ್ಣ ಆಫೀಸಿನಲ್ಲಿ ನನಗೂ ಕೆಲಸ ಸಿಕ್ಕಿತು. ಅಮೆರಿಕದ ಡಾಕ್ಟರುಗಳು ತಮ್ಮ ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಹೆಡ್‌ಫೋನಿನಲ್ಲಿ ಕೇಳಿ ಟೈಪು ಮಾಡುವುದು. ನನಗೆ ಆ ಕೆಲಸ ಬಹಳ ಇಷ್ಟವಾಯಿತು. ಮೈಸೂರಿನಲ್ಲಿ ಸೈಕಲ್ಲಿನಲ್ಲೇ ಕಾಲೇಜು ಮುಗಿಸಿದವಳಾದ್ದರಿಂದ ಇಲ್ಲೂ ಒಂದು ಲೇಡೀಸ್ ಸೈಕಲ್ ಕೊಂಡು ಅದರಲ್ಲೇ ಹೋಗಿಬರುತ್ತಿದ್ದೆ.

ಅಷ್ಟರಲ್ಲಿ ನನಗೆ ಹೊಟ್ಟೆಯ ಆಪರೇಷನ್ ಆಯಿತು. ಇನ್ನು ಮೇಲೆ ಪೆಡಲು ತುಳಿಯುವ ಆಸೆ ಬಿಡಿ ಎಂದರು ಡಾಕ್ಟರು. ಬಸ್ಸಿನ ನೂಕುನುಗ್ಗಲಿನಲ್ಲಿ ಹೊಲಿಗೆಯ ಜಾಗ ಚುರುಗುಟ್ಟುತ್ತಿತ್ತು. ಆಟೋದ ಸಾಲಿನಲ್ಲಿ ನಿಂತರೆ ಸಾಲು ಕರಗುವ ಹೊತ್ತಿಗೆ ಆಫೀಸಿನ ಹೊತ್ತು ಮೀರಿರುತ್ತಿತ್ತು. ಹೀಗೇ ತಡವಾದರೆ ಬೇರೆಯವರನ್ನು ತೆಗೆದುಕೊಳ್ಳಬೇಕಾಗುತ್ತದೆ ಎಂದು ಆಫೀಸಿನವರು ಮುಖಕ್ಕೆ ಹೊಡೆದ ಹಾಗೆ ಹೇಳಿದರು.

ನಮ್ಮವರು ಹುಟ್ಟಿ ಬೆಳೆದದ್ದೆಲ್ಲ ಕೋಲ್ಕತ್ತದಲ್ಲಿ, ಅವರ ಕನ್ನಡ ಅರ್ಧ ಹಿಂದಿ. "ಅರೇ, ಟೆನ್ಷನ್ ಯಾಕ ತಗೋತಿ? ಛೋಡ್ ದೋ ನಾ. ಆರಾಮಾಗಿ ಮನ್ಯಾಗಿರು," ಎಂದು ನನ್ನ ತಲೆ ಸವರಿದರು. ಎಷ್ಟು ಪ್ರೀತಿ ನೋಡಿ!

ಮಾವ ಯಾರ ತಲೆಯನ್ನೂ ಸವರಲಿಲ್ಲ. ಒಂದು ಬೆಳಿಗ್ಗೆ ನೋಡುತ್ತೇನೆ, ಬಾಲ್ಕನಿಯಲ್ಲಿ ನನ್ನ ಸೈಕಲ್ಲಿನ ಚಕ್ರವೊಂದು ಕಡೆ, ಚೈನೊಂದು ಕಡೆ. ಮಾವ ನಡುವೆ ಕೂತು ಹಿಂದಿನ ಚಕ್ರದ ಕಡ್ಡಿಗಳನ್ನು ಕೀಳುತ್ತಿದ್ದಾರೆ.

"ನನ್ನ ಸೈಕಲ್ ಬಿಚ್ಚೋಕೆ ನಿಮಗೆ ಯಾರು ಹೇಳಿದ್ರು?" ಎಂದೆ. ಆ ಮನೆಯಲ್ಲಿ ನಾನು ದನಿ ಏರಿಸಿದ್ದು ಅದೇ ಮೊದಲು.

"ಯಾರ್ ಹೇಳಬೇಕಿತ್ತು? ದಿನಾ ತಡಾ ಮಾಡ್ತಿ! ನಿನಗಿಂತ ಪ್ಯಾಸೆಂಜರ್ ಗಾಡಿ ಬೇಶಿ. ಇದಕ್ಕ ಮೋಟಾರ್ ಹಚ್ಚತೀನಿ. ಅಲ್ಲೀತನಕಾ ಆಟೋದಾಗ ಸಾಯಿ, ಹೋಗು."

ಚಾಂದನಿ ಮಾರ್ಕೆಟ್ಟಿನಲ್ಲಿ ಅಲೆದು, ಗುಜರಿಗೆ ಬಿದ್ದ ಎಲೆಕ್ಟ್ರಿಕ್ ಸ್ಕೂಟರೊಂದರ ಮೋಟಾರನ್ನು ತಂದರು. ಇಡೀ ಕೋಲ್ಕತ್ತ ವಿಶ್ವಕರ್ಮ ಪೂಜೆಯ ದಿನ ಯಂತ್ರಗಳಿಗೆ ಕೈ ಮುಗಿದು ಗಾಳಿಪಟ ಹಾರಿಸುತ್ತಿದ್ದರೆ ಇವರು ಬಾಗಿಲು ಹಾಕಿದ ವೆಲ್ಡಿಂಗ್ ಅಂಗಡಿಯ ಮುಂದೆ ನಿಂತು ಅಂಗಡಿಯವನ ವಂಶವನ್ನೇ ಜಾಲಾಡುತ್ತಿದ್ದರು. ಆ ದಿನ ಯಂತ್ರ ಮುಟ್ಟಬಾರದು ದಾದಾ, ಪಾಪ ಬರುತ್ತದೆ ಎಂದು ಅವನು ಎಷ್ಟು ಹೇಳಿದರೂ ಕೇಳಲೊಲ್ಲರು. ಹಿಂದಿನ ಕ್ಯಾರಿಯರಿನ ಮೇಲೆ ತಗಡಿನ ಪೆಟ್ಟಿಗೆ, ಅದರೊಳಗೆ ಸಾಲಾಗಿ ಬ್ಯಾಟರಿಗಳು, ಹ್ಯಾಂಡಲಿಗೆ ಸ್ಕೂಟರಿನ ಹಾಗೆ ತಿರುಗಿಸುವ ಹಿಡಿ. ಬ್ಯಾಟರಿಯ ಭಾರಕ್ಕೆ ಚಕ್ರ ಸೊಟ್ಟಗಾಗದಿರಲೆಂದು ದಪ್ಪ ಕಡ್ಡಿಗಳನ್ನು ಹಾಕಿದರು. ಬ್ರೇಕು ಒತ್ತಿದರೆ ಮೋಟಾರು ತಾನಾಗಿ ನಿಲ್ಲಬೇಕೆಂಬುದು ಅವರ ಹಟ. ಅದೊಂದಕ್ಕೇ ಮಿಕ್ಕೆಲ್ಲದಕ್ಕಿಂತ ಹೆಚ್ಚು ದಿನ ಹಿಡಿಯಿತು. "ಓಡೂದು ದೊಡ್ಡ ಮಾತಲ್ಲ, ನಿಲ್ಲಬೇಕು," ಎಂದು ಗೊಣಗುತ್ತಲೇ ಕೂತಿರುತ್ತಿದ್ದರು.

ಮೊದಲು ತಾವೇ ಪಾಯಜಾಮ ಮಡಚಿಕೊಂಡು, ಪೆಡಲು ತುಳಿಯದೆ ಗಲ್ಲಿಯಲ್ಲಿ ಬುರ್ರೆಂದು ಹೋದರು. ಕ್ಲಬ್ಬಿನ ಮುಂದೆ ಕೇರಂ ಆಡುತ್ತಿದ್ದ ಹುಡುಗರು "ದಾದು, ಉಡ್ಬೇನ್ ನಾಕಿ?" ಅಂದರೆ ತಾತ, ಹಾರಿಬಿಡ್ತೀರೋ ಹೇಗೆ, ಎಂದು ಚಪ್ಪಾಳೆ ತಟ್ಟಿದರು. ಅವರಿಗೂ ಬೈಗುಳ ಸಿಕ್ಕಿತು.

ಮರುದಿನದಿಂದ ನಾನು ಹೊತ್ತಿಗೆ ಸರಿಯಾಗಿ ಜಾದವ್‌ಪುರ ಮುಟ್ಟತೊಡಗಿದೆ. ಅನ್ವರ್ ಶಾ ರಸ್ತೆಯ ಆಟೋ ಸಾಲನ್ನು ದಾಟುವಾಗ ಅಲ್ಲಿ ನಿಂತವರ ಮುಖ ನೋಡಿ ಒಳಗೊಳಗೇ ಹಿಗ್ಗುತ್ತಿದ್ದೆ. ಸಂಜೆ ಬಂದೊಡನೆ ಹಜಾರದ ಮೂಲೆಯಲ್ಲಿ ಚಾರ್ಜಿಗೆ ಹಾಕುವುದು, ಬೆಳಿಗ್ಗೆ ಕಿತ್ತುಕೊಂಡು ಹೊರಡುವುದು. ದುರ್ಗಾಪೂಜೆಯ ರಜೆ ಕಳೆದು ಚಳಿ ಬರುವವರೆಗೂ ಒಂದು ದಿನವೂ ತಡವಾಗಲಿಲ್ಲ.

ಆಮೇಲೆ ಒಂದು ದಿನ ನಡುದಾರಿಯಲ್ಲಿ ನಿಂತಿತು. ಬ್ಯಾಟರಿ ಪೆಟ್ಟಿಗೆ ಹೊತ್ತ ಆ ಸೈಕಲ್ಲನ್ನು ತಳ್ಳುವುದೆಂದರೆ ಎಮ್ಮೆಯನ್ನು ತಳ್ಳಿದ ಹಾಗೆ. ಆಫೀಸಿಗೆ ಹೋಗುವಷ್ಟರಲ್ಲಿ ಹೊಟ್ಟೆ ಹಿಡಿದುಕೊಂಡು ಬಿಟ್ಟಿತ್ತು. ಅದೇ ವಾರ ಇನ್ನೊಮ್ಮೆ ನಿಂತಿತು. ಮುಂದಿನ ವಾರ ಮತ್ತೆ. ಆಫೀಸಿನವರು ಇದೇ ಕೊನೆ ಎಂದರು.

ಮಾವ ಬೈಯಲಿಲ್ಲ. ಪೆಟ್ಟಿಗೆ ಬಿಚ್ಚಿ ಬ್ಯಾಟರಿಗಳನ್ನು ಒಂದೊಂದಾಗಿ ಅಳೆದರು. ವೈರುಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆದರು. ಮೋಟಾರು ಬಿಚ್ಚಿ ಮತ್ತೆ ಕೂಡಿಸಿದರು. ಎಲ್ಲಿಯೂ ಏನೂ ಸಿಗಲಿಲ್ಲ. ದಿನದಿನಕ್ಕೆ ಅವರ ಸದ್ದು ಕಡಿಮೆಯಾಗುತ್ತ ಬಂತು. ಹಾಲು ನೀರಾಗಿದ್ದರೂ ಸುಮ್ಮನೆ ಕುಡಿದರು. ಒಂದು ಸಂಜೆ ಸ್ಕ್ರೂಡ್ರೈವರನ್ನು ಕೆಳಗಿಟ್ಟು ತಮ್ಮ ಅಂಗೈಗಳನ್ನೇ ನೋಡಿಕೊಳ್ಳುತ್ತ, "ನನ್ನ ಕೈನ ಕೆಟ್ಟಾವೇನೋ ತಂಗಿ," ಎಂದರು. ಜನ್ಮದಲ್ಲಿ ತನ್ನದು ತಪ್ಪೆಂದು ಒಪ್ಪದ ಮನುಷ್ಯ.

ನಮ್ಮವರು ಅಲ್ಲೇ ಪೇಪರು ಓದುತ್ತಿದ್ದರು. "ಪಪ್ಪಾ, ಯಾಕಿಷ್ಟ್ ಕಷ್ಟಾ ಪಡ್ತೀರಿ? ವಯಸ್ಸಾತು ನಿಮಗ. ಛೋಡಿಯೇ ನಾ," ಎಂದರು, ಅದೇ ಮೆದು ದನಿಯಲ್ಲಿ.

ಆ ಭಾನುವಾರ ಮಾವ ತಟ್ಟೆಯ ಮುಂದೆ ಕೂತವರು ಅನ್ನಕ್ಕೆ ಕೈ ಹಾಕಲಿಲ್ಲ. ನಮ್ಮ ಅತ್ತೆ ಎಂದೂ ತಮ್ಮ ಮಗನ ವಿರುದ್ಧ ಒಂದು ಮಾತು ಆಡಿದವರಲ್ಲ. ಅವರೇ ಸಾರು ಬಡಿಸುತ್ತ, ಯಾರ ಮುಖವನ್ನೂ ನೋಡದೆ, "ಊಟಾ ಮಾಡ್ರಿ. ನಿಮ್ಮ ಕೈ ಏನೂ ಕೆಟ್ಟಿಲ್ಲ. ಎಲ್ಲಾರೂ ಮಲಗಿದ ಮ್ಯಾಲೆ ಚಾರ್ಜರಿನ ಸ್ವಿಚ್ ಆರಸಾಂವ ನಿಮ್ಮ ಮಗ. ನಸುಕಿನ್ಯಾಗ ಎದ್ದು ಮತ್ತ ಹಾಕಿಡ್ತಾನ," ಎಂದರು.

ನಮ್ಮವರು ತಲೆ ತಗ್ಗಿಸಿ, "ಅಕಿ ಹೆಲ್ತಿಗೇ ಮಾಡಿದೆ, ಪಪ್ಪಾ," ಎಂದರು.

ಈಗ ಮನೆ ಹಾರಿಹೋಗುತ್ತದೆ ಎಂದುಕೊಂಡೆ. ಹಾರಿಹೋಗಲಿ ಎಂದೇ ಬಯಸಿದ್ದೆ. ಮಾವ ಮಾತ್ರ, "ಹಂಗಾರ ವೈರಿಂಗ್ ಸರಿ ಐತಿ," ಎಂದಷ್ಟೇ ಹೇಳಿ ಊಟಕ್ಕೆ ಕೈ ಹಾಕಿದರು. ಎರಡನೇ ಸಲ ಸಾರು ಹಾಕಿಸಿಕೊಂಡರು. ಸಂಜೆ ಚಾರ್ಜರನ್ನು ತಮ್ಮ ಮಂಚದ ತಲೆದೆಸೆಗೆ ಎತ್ತಿಕೊಂಡು ಹೋದರು. ಮರುದಿನ ನಾನು ಜಡೆ ಹಾಕುತ್ತಿರುವಾಗಲೇ "ಜಡಿ ಹಾಕ್ಕೋತ ಕೂತ್ರ ನೌಕರಿ ಮನೀಗೆ ಬರತೈತೇನು?" ಎಂದು ಅಬ್ಬರಿಸಿದರು. ಬೈಗುಳ ಕೇಳಿ ನನಗೆ ಅಷ್ಟು ಸಂತೋಷವಾದದ್ದು ಅದೊಂದೇ ಸಲ.

ನಮ್ಮವರೊಡನೆ ಜಗಳವಾಡಿದೆ. ಜಗಳವೆಂದರೆ ನಾನೊಬ್ಬಳೇ ಆಡಿದ್ದು, ಅವರು ಕ್ಷಮೆ ಕೇಳಿದರು. ಕ್ಷಮೆ ಕೇಳುವುದು ಅವರಿಗೆ ನೀರು ಕುಡಿದಷ್ಟು ಸುಲಭ. ಸ್ವಿಚ್ಚು ಆರಿಸಿದ್ದನ್ನು ಬೇಕಾದರೆ ನಾನು ಮರೆತೇನು. ಅಪ್ಪ ತನ್ನ ಕೈಗಳನ್ನೇ ಅನುಮಾನಿಸುತ್ತ ಕೂತಾಗ ಪೇಪರಿನ ಹಿಂದೆ ಮುಖವಿಟ್ಟುಕೊಂಡು ಕೂತಿದ್ದರಲ್ಲ, ಅದನ್ನು ಮರೆಯುವುದಿಲ್ಲ. ಸಿಟ್ಟಿನವರ ಮನೆಯಲ್ಲಿ ಬದುಕಬಹುದು, ಅವರ ಮನಸ್ಸಿನಲ್ಲಿ ಏನಿದೆಯೆಂದು ಬೀದಿಗೆಲ್ಲ ಕೇಳಿಸುತ್ತದೆ. ಮೆತ್ತನೆಯವರ ಜೊತೆ ಬಾಳುವಾಗ ಸ್ವಿಚ್ಚು ಎಲ್ಲೆಲ್ಲಿದೆ ಎಂದು ಹುಡುಕುತ್ತಲೇ ಇರಬೇಕು.

ಆ ಸೈಕಲ್ಲಿನ ಮೇಲೆಯೇ ನಾನು ಕೆಲಸ ಉಳಿಸಿಕೊಂಡೆ. ಹೊಸದಾಗಿ ಬಂದವರಿಗೆ ಕಲಿಸುವ ಮಟ್ಟಕ್ಕೂ ಏರಿದೆ. ಬ್ಯಾಟರಿ ಸತ್ತಾಗಲೆಲ್ಲ ಮಾವ ಅಂಗಡಿಯವನನ್ನು ಬೈದು ಹೊಸದನ್ನು ಹಾಕಿಸಿದರು.

ಕೆಲವು ವರ್ಷಗಳಾದ ಮೇಲೆ ಅವರ ಹೃದಯ ಸೋತಿತು. ಆಸ್ಪತ್ರೆಯಲ್ಲಿ ಕೊನೆಯ ಬೆಳಿಗ್ಗೆ ಮಂಚದ ಪಕ್ಕ ನಾನೂ ನಮ್ಮವರೂ ಇದ್ದೆವು. ನನ್ನನ್ನು ನೋಡಿದ್ದೇ ಮಾವ ಮೂಗಿನ ಮೇಲಿನ ಮಾಸ್ಕನ್ನು ಸರಿಸಿದರು. "ನಾ ಸಾಯೂದ ನೋಡಾಕ ರಜಾ ಹಾಕೀ ಏನು? ಕೆಲಸಾ ಇಲ್ಲ ನಿನಗ? ನಡಿ!" ಎಂದರು. ಉಸಿರಿಲ್ಲದ ದನಿಯಾದರೂ ಬೈಗುಳವೇ ಅದು. ನಾನು ಅಳುತ್ತಲೇ ಹೊರಟೆ. ಮಧ್ಯಾಹ್ನದ ಹೊತ್ತಿಗೆ ಆಫೀಸಿಗೆ ಫೋನು ಬಂತು.

ಮಾವನ ದಿನಕರ್ಮಗಳಿಗೆ ಹುಬ್ಬಳ್ಳಿಯಿಂದ ಬಂದ ನೆಂಟರು ಬಾಯಿಗೆ ಬಂದ ಹಾಗೆ ಅಂದರು. ಮಾವ ಅಲ್ಲಿ ಪ್ರಾಣ ಬಿಡುತ್ತಿದ್ದರೆ ಸೊಸೆ ಸೈಕಲ್ ಹತ್ತಿ ಆಫೀಸಿಗೆ ಹೋದಳಂತೆ, ಎಂಥ ಕಲ್ಲೆದೆ ಎಂದರು. ನಮ್ಮವರು ಕೈ ಮುಗಿದು, "ಹೋಗಲಿ ಬಿಡ್ರಿ, ಅಕೀಗೂ ತನ್ನ ಕೆಲಸಾ ಇರತಾವ, ನಾನೇ ಅಡ್ಜಸ್ಟ್ ಮಾಡ್ಕೊಂಡೀನಿ," ಎಂದು ಎಲ್ಲರೆದುರು ನನ್ನನ್ನು ಕ್ಷಮಿಸಿದರು. ನೆಂಟರ ಕಣ್ಣಲ್ಲಿ ನೀರು ಬಂತು, ಎಂಥ ದೊಡ್ಡ ಮನಸ್ಸು ಎಂದರು.

ಮಾವ ನನ್ನನ್ನು ಬೈದು ಕಳಿಸಿದಾಗ ಇವರು ಮಂಚದ ಪಕ್ಕದಲ್ಲೇ ನಿಂತಿದ್ದರು. ಆ ಒಂದು ಮಾತನ್ನು ಅಂದೂ ಹೇಳಲಿಲ್ಲ, ಇಂದಿಗೂ ಯಾರಿಗೂ ಹೇಳಿಲ್ಲ. ಅದಕ್ಕೇ ನಾನು ಬರೆದೆ.